ರಕ್ತ ಪರೀಕ್ಷೆಯಲ್ಲಿ ಬೆಳಕಿನ ಬಳಕೆ: ರೈತರು ತಿಳಿದಿರಬೇಕಾದ ಸಂಗತಿಗಳು

ಮಳೆಗಾಲ ಆರಂಭವಾಯಿತೆಂದರೆ ನಮ್ಮ ಕರಾವಳಿಯ ರೈತರ ಮನೆಗೆ ಎರಡು ಬಗೆಯ ವರದಿಗಳು ಬರುವುದುಂಟು. ಒಂದು, ಬೇಸಿಗೆಯಲ್ಲಿ ಕೊಟ್ಟಿದ್ದ ಮಣ್ಣಿನ ಮಾದರಿಯ ಪರೀಕ್ಷಾ ವರದಿ. ಇನ್ನೊಂದು, ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ಆಸ್ಪತ್ರೆಯಲ್ಲಿ ಕೊಡುವ ರಕ್ತ ಪರೀಕ್ಷೆಯ ವರದಿ. ಎರಡರಲ್ಲೂ ಸಾಲು ಸಾಲಾಗಿ ಅಂಕಿಗಳಿರುತ್ತವೆ. ಈ ಅಂಕಿಗಳು ಎಲ್ಲಿಂದ ಬಂದವು, ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು, ಅವುಗಳಿಂದ ಏನು ತಿಳಿದುಕೊಳ್ಳಬೇಕು ಎಂಬ ಪ್ರಶ್ನೆಗಳನ್ನು ತರಬೇತಿ ಶಿಬಿರಗಳಲ್ಲಿ ರೈತರು ಕೇಳುತ್ತಿರುತ್ತಾರೆ. ಮಣ್ಣಿನ ವರದಿಯಲ್ಲಿನ ರಂಜಕದ ಅಂಕಿಯೂ ರಕ್ತದ ವರದಿಯಲ್ಲಿನ ಹಲವಾರು ಅಂಕಿಗಳೂ ಒಂದೇ ದಾರಿಯಿಂದ ಬಂದಂಥವು. ಆ ದಾರಿಯೇ ಬೆಳಕು.

ಬೇಸಾಯ ಶಾಸ್ತ್ರದವರು ರಕ್ತದ ವಿಷಯ ಬರೆಯುವುದೇಕೆಂದು ಓದುಗರು ಕೇಳಬಹುದು. ಕಾರಣವಿದೆ. ಗದ್ದೆಯಿಂದಲೇ ಮನೆಗೆ ಬರುವ ಎರಡು ಅಪಾಯಗಳಿವೆ. ಮೊದಲನೆಯದು ಇಲಿ ಜ್ವರ. ಎರಡನೆಯದು ಕೀಟನಾಶಕದ ವಿಷ. ಎರಡರಲ್ಲೂ ಸರಿಯಾದ ಸಮಯದಲ್ಲಿ ಮಾಡಿಸಿದ ರಕ್ತ ಪರೀಕ್ಷೆ ಜೀವ ಉಳಿಸುವುದಕ್ಕೆ ನೆರವಾಗುತ್ತದೆ. ತಡವಾಗಿ ಮಾಡಿಸಿದ, ಇಲ್ಲವೆ ತಪ್ಪಾಗಿ ತಿಳಿದುಕೊಂಡ ಪರೀಕ್ಷೆ ದಾರಿ ತಪ್ಪಿಸಲೂಬಹುದು. ಆದುದರಿಂದ ಈ ಪರೀಕ್ಷೆಗಳ ತತ್ತ್ವವನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ಸರಳವಾಗಿ ಅರಿತಿರುವುದು ಅವಶ್ಯಕ.

ರೋಹಿತ ಎಂದರೇನು?

ಮಳೆ ನಿಂತು ಬಿಸಿಲು ಬಿದ್ದಾಗ ಕಾಮನಬಿಲ್ಲು ಮೂಡುವುದನ್ನು ಎಲ್ಲರೂ ನೋಡಿದ್ದೇವೆ. ಬಿಳಿಯಾಗಿ ಕಾಣುವ ಬಿಸಿಲಿನಲ್ಲಿ ನೇರಳೆಯಿಂದ ಕೆಂಪಿನವರೆಗಿನ ಎಲ್ಲ ಬಣ್ಣಗಳೂ ಸೇರಿವೆ. ಅವನ್ನು ಬಿಡಿಸಿ ಹರಡಿದಾಗ ಕಾಣುವ ಬಣ್ಣಗಳ ಪಟ್ಟಿಗೆ ರೋಹಿತವೆಂದು ಹೆಸರು. ಒಂದೊಂದು ಬಣ್ಣಕ್ಕೂ ತನ್ನದೇ ಆದ ತರಂಗದೂರವಿದೆ. ಇದನ್ನು ನ್ಯಾನೊಮೀಟರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೊಮೀಟರಿನ ಒಳಗಿರುತ್ತದೆ. ನೇರಳೆ 400ರ ಹತ್ತಿರ, ಹಸಿರು 530ರ ಆಸುಪಾಸು, ಕೆಂಪು 650ರಿಂದ ಮೇಲಕ್ಕೆ.

ಯಾವುದೇ ಬಣ್ಣದ ವಸ್ತು ರೋಹಿತದ ಕೆಲವು ಭಾಗಗಳನ್ನು ಹೀರಿಕೊಂಡು ಉಳಿದುದನ್ನು ಬಿಟ್ಟುಕೊಡುತ್ತದೆ. ಭತ್ತದ ಎಲೆ ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಹಸಿರಾಗಿ ಕಾಣುತ್ತದೆ. ರಕ್ತ ನೇರಳೆ ಮತ್ತು ಹಸಿರು ಭಾಗಗಳನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಕೆಂಪಾಗಿ ಕಾಣುತ್ತದೆ. ಯಾವ ವಸ್ತು ಯಾವ ತರಂಗದೂರದಲ್ಲಿ ಬೆಳಕನ್ನು ಹೀರುತ್ತದೆ ಎಂಬುದು ಆ ವಸ್ತುವಿನ ಹೆಬ್ಬೆಟ್ಟಿನ ಗುರುತಿದ್ದಂತೆ. ಎಷ್ಟು ಬೆಳಕು ಹೀರಲ್ಪಟ್ಟಿತು ಎಂಬುದು ಆ ವಸ್ತು ಎಷ್ಟಿದೆ ಎಂಬುದನ್ನು ಹೇಳುತ್ತದೆ. ಬೆಳಕಿನಿಂದ ಮಾಡುವ ಹೆಚ್ಚಿನ ಪರೀಕ್ಷೆಗಳು ಈ ಎರಡು ಮಾತುಗಳ ಮೇಲೆ ನಿಂತಿವೆ.

ಬೆಳಕಿನಿಂದ ಅಳೆಯುವ ಬಗೆ

ಪುನರ್ಪುಳಿ ಪಾನಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ರಸ ಕಡಿಮೆ ಹಾಕಿದ ಪಾನಕ ತೆಳು ಗುಲಾಬಿ, ಹೆಚ್ಚು ಹಾಕಿದರೆ ಕಡು ಕೆಂಪು. ಒಂದೇ ಪಾನಕವನ್ನು ಸಣ್ಣ ಲೋಟದಲ್ಲಿ ನೋಡಿದರೆ ತೆಳುವಾಗಿಯೂ ದೊಡ್ಡ ಪಾತ್ರೆಯಲ್ಲಿ ನೋಡಿದರೆ ಗಾಢವಾಗಿಯೂ ಕಾಣುತ್ತದೆ. ಅಂದರೆ ಬೆಳಕನ್ನು ಹೀರುವ ಪ್ರಮಾಣ ಎರಡು ವಿಷಯಗಳನ್ನು ಅವಲಂಬಿಸಿದೆ: ದ್ರಾವಣದ ಸಾಂದ್ರತೆ ಮತ್ತು ಬೆಳಕು ಹಾದುಹೋಗುವ ದೂರ. ದೂರದ ನಿಯಮವನ್ನು 1729ರಲ್ಲಿ ಬೂಗೇರ್ ಮತ್ತು 1760ರಲ್ಲಿ ಲ್ಯಾಂಬರ್ಟ್ ತಿಳಿಸಿದರು. ಸಾಂದ್ರತೆಯ ನಿಯಮವನ್ನು 1852ರಲ್ಲಿ ಬೇರ್ ಎಂಬ ವಿಜ್ಞಾನಿ ಸೇರಿಸಿದನು. ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಇದೇ ನಿಯಮ.

ವರ್ಣಮಾಪಕ ಯಂತ್ರದಲ್ಲಿ ಒಂದು ದೀಪ, ಬೇಕಾದ ಬಣ್ಣವನ್ನಷ್ಟೇ ಬಿಡುವ ಶೋಧಕ, ದ್ರಾವಣವಿಡುವ ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಅಗಲದ ಪಾರದರ್ಶಕ ಕೋಶ ಮತ್ತು ಹೊರಬಂದ ಬೆಳಕನ್ನು ಅಳೆಯುವ ಸಾಧನ ಇರುತ್ತವೆ. ಬೆಳಕಿನ ಹತ್ತನೇ ಒಂದು ಪಾಲು ಮಾತ್ರ ಹೊರಬಂದರೆ ಹೀರಿಕೆಯ ಅಂಕಿ 1. ನೂರನೇ ಒಂದು ಪಾಲು ಹೊರಬಂದರೆ ಅಂಕಿ 2. ಈ ಅಂಕಿ ವಸ್ತುವಿನ ಪ್ರಮಾಣಕ್ಕೆ ಸರಿಯಾಗಿ ಏರುತ್ತದೆ, ಇಳಿಯುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. 100 ಮಿಲಿಲೀಟರಿಗೆ 15 ಗ್ರಾಂ ಹಿಮೋಗ್ಲೋಬಿನ್ ಇರುವ, ಪ್ರಮಾಣ ಗೊತ್ತಿರುವ ದ್ರಾವಣದ ಹೀರಿಕೆ 0.45 ಎಂದಿರಲಿ. ರೋಗಿಯ ರಕ್ತವನ್ನು ಅದೇ ರೀತಿ ತಯಾರಿಸಿ ಯಂತ್ರದಲ್ಲಿಟ್ಟಾಗ 0.27 ಬಂತು. ಆಗ ರೋಗಿಯ ಹಿಮೋಗ್ಲೋಬಿನ್ 15ನ್ನು 0.27ರಿಂದ ಗುಣಿಸಿ 0.45ರಿಂದ ಭಾಗಿಸಿದಷ್ಟು, ಅಂದರೆ 9 ಗ್ರಾಂ. ವರದಿಯಲ್ಲಿ ಕಾಣುವ ಅಂಕಿಯ ಹಿಂದಿನ ಲೆಕ್ಕ ಇಷ್ಟೇ. ಪ್ರಮಾಣ ಗೊತ್ತಿರುವ ದ್ರಾವಣ ಕೆಟ್ಟಿದ್ದರೆ ಅಥವಾ ಕೋಶ ಕೊಳೆಯಾಗಿದ್ದರೆ ಉತ್ತರವೂ ತಪ್ಪಾಗುತ್ತದೆ. ಒಳ್ಳೆಯ ಪ್ರಯೋಗಾಲಯಗಳು ಪ್ರತಿದಿನವೂ ತಮ್ಮ ಯಂತ್ರಗಳನ್ನು ಪರೀಕ್ಷಿಸಿಕೊಳ್ಳುವುದು ಇದೇ ಕಾರಣಕ್ಕೆ.

ಮಣ್ಣಿನ ರಂಜಕ, ರಕ್ತದ ರಂಜಕ

ಬ್ರಹ್ಮಾವರ, ಕುಂದಾಪುರ, ಬೈಂದೂರು ಭಾಗದ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಇಂಥ ಮಣ್ಣಿನಲ್ಲಿ ಬೆಳೆಗೆ ದೊರೆಯುವ ರಂಜಕವನ್ನು ತಿಳಿಯಲು ಬ್ರೇ ವಿಧಾನವನ್ನು ಅನುಸರಿಸುತ್ತಾರೆ. ಮಣ್ಣನ್ನು ಅಮೋನಿಯಂ ಫ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣದಲ್ಲಿ ಕಲಕಿ ಸೋಸಿ, ಮಾಲಿಬ್ಡೇಟ್ ಸೇರಿಸಿ ಅಪಕರ್ಷಿಸಿದರೆ ನೀಲಿ ಬಣ್ಣ ಬರುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಇದನ್ನು 660 ನ್ಯಾನೊಮೀಟರಿನ ಕೆಂಪು ಬೆಳಕಿನಲ್ಲಿ ಅಳೆಯುತ್ತಾರೆ. ನೀಲಿ ದ್ರಾವಣ ಕೆಂಪನ್ನು ಹೀರುವುದರಿಂದ ಕೆಂಪು ಬೆಳಕನ್ನೇ ಆರಿಸುತ್ತಾರೆ ಎಂಬುದನ್ನು ಗಮನಿಸಬೇಕು.

ರಕ್ತದಲ್ಲಿನ ರಂಜಕವನ್ನು ಅಳೆಯುವ ಪ್ರಸಿದ್ಧ ವಿಧಾನವೊಂದು ಇದೇ ನೀಲಿ ಬಣ್ಣವನ್ನು ಆಧರಿಸಿದೆ. 1925ರಲ್ಲಿ ಇದನ್ನು ಪ್ರಕಟಿಸಿದವರು ಫಿಸ್ಕೆ ಮತ್ತು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮುಂದೆ ಅನೇಕ ಔಷಧಿಗಳ ಶೋಧನೆಗೆ ಕಾರಣರಾದ ಸುಬ್ಬರಾವ್ ಅವರು ರೂಪಿಸಿದ ವಿಧಾನವೂ ನಮ್ಮ ಮಣ್ಣು ಪರೀಕ್ಷೆಯ ವಿಧಾನವೂ ಒಂದೇ ಮನೆತನದವು. ಹಾಗೆಯೇ, ಮಣ್ಣಿನ ಪೊಟ್ಯಾಷನ್ನು ಅಳೆಯುವ ಜ್ವಾಲಾಮಾಪಕವೂ ಬಹುಕಾಲ ಆಸ್ಪತ್ರೆಗಳಲ್ಲಿ ರಕ್ತದ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಯಂತ್ರವಾಗಿತ್ತು. ಉರಿಯಲ್ಲಿ ಸೋಡಿಯಂ 589 ನ್ಯಾನೊಮೀಟರಿನ ಹಳದಿ ಬೆಳಕನ್ನೂ ಪೊಟ್ಯಾಸಿಯಂ 766ರ ಕಡುಗೆಂಪು ಬೆಳಕನ್ನೂ ಸೂಸುತ್ತವೆ. ಉಪ್ಪಿನ ಹರಳು ಒಲೆಗೆ ಬಿದ್ದಾಗ ಉರಿ ಹಳದಿಯಾಗುವುದು ಇದೇ ಕಾರಣದಿಂದ. ಈಗ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ವಿದ್ಯುದಗ್ರಗಳನ್ನು ಬಳಸುತ್ತಾರೆ. ಮಣ್ಣು ಪರೀಕ್ಷೆಯಲ್ಲಿ ಜ್ವಾಲಾಮಾಪಕ ಇನ್ನೂ ಉಳಿದಿದೆ.

ರಕ್ತದ ಕೆಂಪು ಮತ್ತು ರಕ್ತಹೀನತೆ

ರಕ್ತದ ರೋಹಿತವನ್ನು ಮೊದಲಿಗೆ ಕ್ರಮವಾಗಿ ನೋಡಿದವನು ಜರ್ಮನಿಯ ಹೋಪೆ ಸೈಲರ್. 1862ರಲ್ಲಿ ಅವನು ತೆಳುಮಾಡಿದ ರಕ್ತದ ಮೂಲಕ ಬೆಳಕು ಹಾಯಿಸಿ, ಹಳದಿ ಮತ್ತು ಹಸಿರು ಭಾಗದಲ್ಲಿ ಎರಡು ಕಪ್ಪು ಪಟ್ಟೆಗಳನ್ನು ಕಂಡನು. 1864ರಲ್ಲಿ ಆ ಕೆಂಪು ವಸ್ತುವಿಗೆ ಹಿಮೋಗ್ಲೋಬಿನ್ ಎಂದು ಹೆಸರಿಟ್ಟನು. ಅದೇ ವರ್ಷ ಇಂಗ್ಲೆಂಡಿನ ಸ್ಟೋಕ್ಸ್, ಆಮ್ಲಜನಕವನ್ನು ಕಳೆದುಕೊಂಡ ರಕ್ತದಲ್ಲಿ ಎರಡು ಪಟ್ಟೆಗಳ ಬದಲು ಒಂದೇ ಅಗಲವಾದ ಪಟ್ಟೆ ಕಾಣುತ್ತದೆ ಎಂದು ತೋರಿಸಿದನು. ರಕ್ತ ಆಮ್ಲಜನಕವನ್ನು ಹೊತ್ತೊಯ್ಯುವ ಕೆಲಸವನ್ನು ಬೆಳಕು ಹೀಗೆ ಬಯಲು ಮಾಡಿತು.

ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಿತ. ಅದರ ತತ್ತ್ವ ಇದೇ. 660 ನ್ಯಾನೊಮೀಟರಿನ ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ 940 ನ್ಯಾನೊಮೀಟರಿನ ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಎರಡರ ಹೀರಿಕೆಯನ್ನು ಹೋಲಿಸಿ ಆಮ್ಲಜನಕದ ಶೇಕಡಾ ಪ್ರಮಾಣವನ್ನು ಹೇಳುತ್ತದೆ. ನಾಟಿ ಗದ್ದೆಯಿಂದ ಬಂದ ತಣ್ಣಗಿನ ಬೆರಳು, ಉಗುರಿನ ಬಣ್ಣ, ದಟ್ಟವಾದ ಮದರಂಗಿ ಇವುಗಳಿಂದ ಅಂಕಿ ತಪ್ಪಬಹುದು. ಬೆರಳನ್ನು ತೊಳೆದು, ಒರೆಸಿ, ಬೆಚ್ಚಗೆ ಮಾಡಿಕೊಂಡು ನೋಡಬೇಕು.

ಹಿಮೋಗ್ಲೋಬಿನ್ ಪ್ರಮಾಣವನ್ನು ಸಾಮಾನ್ಯವಾಗಿ 540 ನ್ಯಾನೊಮೀಟರಿನ ಆಸುಪಾಸಿನ ಹಸಿರು ಬೆಳಕಿನಲ್ಲಿ ಅಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಲ್ಲಿ 13 ಗ್ರಾಂ, ಹೆಂಗಸರಲ್ಲಿ 12 ಗ್ರಾಂ, ಗರ್ಭಿಣಿಯರಲ್ಲಿ ಸಾಮಾನ್ಯವಾಗಿ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ನೇಜಿ ಕೀಳುವುದು, ನಾಟಿ ಮಾಡುವುದು, ಕಳೆ ತೆಗೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಮೇಲಿನ ಲೆಕ್ಕದಲ್ಲಿ ಬಂದ 9 ಗ್ರಾಂ ಹೆಂಗಸೊಬ್ಬರದಾಗಿದ್ದರೆ, ಮಧ್ಯಾಹ್ನದ ಹೊತ್ತಿಗೇ ಏದುಸಿರು ಬರುವುದು ಸೋಮಾರಿತನದಿಂದಲ್ಲ, ರಕ್ತದ ಕೊರತೆಯಿಂದ ಎಂದು ಮನೆಯವರು ಅರಿಯಬೇಕು.

ಇಲಿ ಜ್ವರ: ಹಳದಿ ಮತ್ತು ಕಿತ್ತಳೆ ಬಣ್ಣದ ಸಾಕ್ಷಿ

ಇಲಿ ಜ್ವರ ಕರಾವಳಿಯಲ್ಲಿ ಮಳೆಗಾಲದ ರೋಗ. ಇಲಿ ಹೆಗ್ಗಣಗಳ ಮೂತ್ರದಲ್ಲಿರುವ ಲೆಪ್ಟೊಸ್ಪೈರಾ ಎಂಬ ರೋಗಾಣು ನಿಂತ ನೀರಿಗೂ ಕೆಸರಿಗೂ ಸೇರುತ್ತದೆ. ಬರಿಗಾಲಿನಲ್ಲಿ ಬೈಲು ಗದ್ದೆಗೆ ಇಳಿದವರ ಕಾಲಿನ ಬಿರುಕು, ಗಾಯಗಳ ಮೂಲಕ ದೇಹವನ್ನು ಹೊಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ, ತಲೆನೋವು, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು ಇವು ಕಾಣಿಸಿಕೊಳ್ಳುತ್ತವೆ. ರೋಗ ಬಲಿತರೆ ಕಾಮಾಲೆ ಬರುತ್ತದೆ, ಮೂತ್ರ ಕಡಿಮೆಯಾಗುತ್ತದೆ. ನಮ್ಮಲ್ಲಿ ಕಾಮಾಲೆಯನ್ನು ಅರಸಿನ ಮುಂಡಿಗೆ ಎಂದು ಕರೆದು ಬೇರುನಾರಿನ ಮದ್ದಿಗೆ ಓಡುವ ರೂಢಿಯಿದೆ. ಇಲಿ ಜ್ವರದ ಕಾಮಾಲೆಯಲ್ಲಿ ಹೀಗೆ ಕಳೆದ ಎರಡು ಮೂರು ದಿನಗಳು ಮೂತ್ರಪಿಂಡವನ್ನೇ ಕಳೆಯಬಹುದು, ಪ್ರಾಣಕ್ಕೂ ಎರವಾಗಬಹುದು.

ಇಲ್ಲಿ ಬೆಳಕಿನ ಪರೀಕ್ಷೆಗಳು ಮೂರು ವಿಷಯಗಳನ್ನು ಹೇಳುತ್ತವೆ.

1. ಬಿಲಿರುಬಿನ್: ಇದು ಹಳೆಯ ರಕ್ತಕಣಗಳು ಒಡೆದಾಗ ಉಂಟಾಗುವ ಹಳದಿ ವಸ್ತು. ಪಿತ್ತಜನಕಾಂಗ ಇದನ್ನು ಹೊರಹಾಕಲಾರದೆ ಹೋದಾಗ ರಕ್ತದಲ್ಲಿ ಏರುತ್ತದೆ. ಡಯಾಜೋ ದ್ರಾವಣ ಸೇರಿಸಿದರೆ ಬಿಲಿರುಬಿನ್ ಕೆನ್ನೀಲಿ ಬಣ್ಣಕ್ಕೆ ತಿರುಗುತ್ತದೆ. ಈ ಬಣ್ಣವನ್ನು ಅಳೆಯುತ್ತಾರೆ. ಸಹಜವಾಗಿ ಇದು 100 ಮಿಲಿಲೀಟರಿಗೆ ಸುಮಾರು 1.2 ಮಿಲಿಗ್ರಾಂ ಮೀರುವುದಿಲ್ಲ.

2. ಕ್ರಿಯಾಟಿನಿನ್: ಇದು ಮೂತ್ರಪಿಂಡ ಕೆಲಸ ಮಾಡುತ್ತಿದೆಯೇ ಎಂಬುದರ ಸೂಚಕ. ಕ್ಷಾರದಲ್ಲಿ ಪಿಕ್ರಿಕ್ ಆಮ್ಲದೊಡನೆ ಸೇರಿ ಕಿತ್ತಳೆ ಬಣ್ಣ ಕೊಡುತ್ತದೆ. ಯಾಫೆ ಎಂಬ ವಿಜ್ಞಾನಿ ಇದನ್ನು ತಿಳಿಸಿದ್ದು 1886ರಲ್ಲಿ. ಅದೇ ವರ್ಷ ವೈಲ್ ಎಂಬ ವೈದ್ಯ ಕಾಮಾಲೆಯೊಂದಿಗೆ ಬರುವ ಇಲಿ ಜ್ವರದ ಲಕ್ಷಣಗಳನ್ನು ವಿವರಿಸಿ ಬರೆದನು.

3. ರೋಗದ ಗುರುತು: ಎಲೈಸಾ ಪರೀಕ್ಷೆಯಲ್ಲಿ ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತಾರೆ. ಪ್ರತಿಕಾಯವಿದ್ದರೆ ಪುಟ್ಟ ಗುಳಿಗಳಲ್ಲಿ ಬಣ್ಣ ಮೂಡುತ್ತದೆ. ಸಾಮಾನ್ಯವಾಗಿ ನೀಲಿ ಬಂದು, ಆಮ್ಲ ಸೇರಿಸಿದಾಗ ಹಳದಿಯಾಗುವ ಈ ಬಣ್ಣವನ್ನು 450 ನ್ಯಾನೊಮೀಟರಿನಲ್ಲಿ ಓದುತ್ತಾರೆ.

ಒಂದು ಮುಖ್ಯ ಸಂಗತಿ. ಪ್ರತಿಕಾಯ ತಯಾರಾಗಲು ಜ್ವರ ಬಂದ ಮೇಲೆ ಸುಮಾರು 5ರಿಂದ 7 ದಿನಗಳು ಬೇಕು. ಎರಡನೆಯ ದಿನ ಮಾಡಿಸಿದ ಎಲೈಸಾದಲ್ಲಿ ರೋಗವಿಲ್ಲ ಎಂದು ಬಂದರೆ ರೋಗವಿಲ್ಲವೆಂದು ಅರ್ಥವಲ್ಲ, ಇನ್ನೂ ಬಣ್ಣ ಮೂಡುವ ಕಾಲ ಬಂದಿಲ್ಲವೆಂದು ಅರ್ಥವಿರಬಹುದು. ಮೊದಲ ವಾರದಲ್ಲಿ ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಪಿ.ಸಿ.ಆರ್. ಪರೀಕ್ಷೆ ಹೆಚ್ಚು ಉಪಯುಕ್ತ. ಆದುದರಿಂದ ವೈದ್ಯರ ಬಳಿ ಹೋದಾಗ ಎರಡು ಮಾತುಗಳನ್ನು ತಪ್ಪದೆ ಹೇಳಬೇಕು: ಜ್ವರ ಯಾವ ದಿನ ಆರಂಭವಾಯಿತು, ಮತ್ತು ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಿದ್ದೀರಿ ಎಂಬುದು. ಈ ಎರಡು ಮಾತುಗಳಿಲ್ಲದೆ ಅಂಕಿಗಳು ಅರ್ಧ ಕತೆಯನ್ನಷ್ಟೇ ಹೇಳುತ್ತವೆ. ಅನುಮಾನವಿದ್ದರೆ ವೈದ್ಯರು ವರದಿಗಾಗಿ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ. ಅದು ಸರಿಯಾದ ಕ್ರಮ.

ಗಂಬೂಟು ಹಾಕಿಕೊಳ್ಳುವುದು, ಗಾಯಗಳಿಗೆ ಪಟ್ಟಿ ಕಟ್ಟುವುದು, ಕೆಲಸವಾದ ಕೂಡಲೆ ಸೋಪು ಹಚ್ಚಿ ಕೈಕಾಲು ತೊಳೆಯುವುದು, ಗದ್ದೆಯ ಬದು ಮತ್ತು ಮನೆಯ ಸುತ್ತ ಇಲಿಗಳನ್ನು ಹತೋಟಿಯಲ್ಲಿಡುವುದು ಇವು ಮುಂಜಾಗ್ರತೆಯ ಕ್ರಮಗಳು. ಮುಂಜಾಗ್ರತೆಗಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಕೊಡುವುದುಂಟು. ವೈದ್ಯರ ಸಲಹೆಯಿಲ್ಲದೆ ಅದನ್ನು ನುಂಗಬಾರದು. ಗರ್ಭಿಣಿಯರು ಮತ್ತು ಮಕ್ಕಳ ವಿಷಯದಲ್ಲಂತೂ ಈ ಎಚ್ಚರಿಕೆ ಬಹಳ ಅಗತ್ಯ.

ಕೀಟನಾಶಕ ಸಿಂಪಡಿಸುವವರ ರಕ್ತ

ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಅಸಿಫೇಟ್ ಮೊದಲಾದವು ಸಾವಯವ ರಂಜಕ ಗುಂಪಿನ ಕೀಟನಾಶಕಗಳು. ಇವು ಕೀಟದ ನರಮಂಡಲದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಮನುಷ್ಯನ ನರಮಂಡಲದಲ್ಲೂ ಅದೇ ಕಿಣ್ವವಿದೆ. ರಕ್ತದಲ್ಲಿಯೂ ಇದರ ಎರಡು ರೂಪಗಳಿವೆ. ಒಂದು ಕೆಂಪು ರಕ್ತಕಣದ ಮೇಲೆ, ಇನ್ನೊಂದು ಪ್ಲಾಸ್ಮಾದಲ್ಲಿ. ಆದುದರಿಂದ ನರಕ್ಕೆ ಏನಾಗುತ್ತಿದೆ ಎಂಬುದರ ಸುಳಿವು ರಕ್ತದಲ್ಲಿ ಸಿಗುತ್ತದೆ.

ಇದನ್ನು ಅಳೆಯುವ ವಿಧಾನವನ್ನು 1961ರಲ್ಲಿ ಎಲ್ಮನ್ ಮತ್ತು ಸಂಗಡಿಗರು ರೂಪಿಸಿದರು. ಕಿಣ್ವಕ್ಕೆ ಅದರ ಆಹಾರವನ್ನು ಹೋಲುವ ಗಂಧಕಯುಕ್ತ ವಸ್ತುವನ್ನು ಕೊಡುತ್ತಾರೆ. ಕಿಣ್ವ ಅದನ್ನು ಒಡೆದಾಗ ಹೊರಬಂದ ಭಾಗ ಇನ್ನೊಂದು ರಾಸಾಯನಿಕದೊಡನೆ ಸೇರಿ ಹಳದಿಯಾಗುತ್ತದೆ. ಈ ಹಳದಿ 412 ನ್ಯಾನೊಮೀಟರಿನ ನೇರಳೆ ಬೆಳಕನ್ನು ಹೀರುತ್ತದೆ. ನಿಮಿಷ ನಿಮಿಷಕ್ಕೂ ಹಳದಿ ಬೇಗ ಏರಿದರೆ ಕಿಣ್ವ ಚೆನ್ನಾಗಿದೆ. ನಿಧಾನವಾಗಿ ಏರಿದರೆ ಕಿಣ್ವವನ್ನು ಯಾವುದೋ ಕಟ್ಟಿಹಾಕಿದೆ.

ರೈತರು ಇಲ್ಲಿ ಅವಶ್ಯ ಗಮನಿಸಬೇಕಾದ ಅಂಶವೊಂದಿದೆ. ಈ ಕಿಣ್ವದ ಸಹಜ ಪ್ರಮಾಣ ಒಬ್ಬರಿಂದೊಬ್ಬರಿಗೆ ಬಹಳ ವ್ಯತ್ಯಾಸವಾಗುತ್ತದೆ. ಒಂದು ಪ್ರಯೋಗಾಲಯದ ಸಹಜ ಮಿತಿ 5,000ದಿಂದ 12,000 ಯೂನಿಟ್ ಎಂದಿರಲಿ. ಒಬ್ಬ ರೈತನ ಸ್ವಂತ ಸಹಜ ಮಟ್ಟ 10,000. ಸಿಂಪರಣೆಯ ಹಂಗಾಮಿನ ಕೊನೆಯಲ್ಲಿ ಪರೀಕ್ಷಿಸಿದಾಗ 6,000 ಬಂತು. ವರದಿಯಲ್ಲಿ ಅದರ ಎದುರು ಸಹಜ ಎಂದೇ ಇರುತ್ತದೆ. ಆದರೆ ಅವನು ತನ್ನ ಕಿಣ್ವದ ನೂರಕ್ಕೆ 40 ಭಾಗವನ್ನು ಕಳೆದುಕೊಂಡಿದ್ದಾನೆ. ಹಂಗಾಮಿಗೆ ಮೊದಲೇ ಒಂದು ಪರೀಕ್ಷೆ ಮಾಡಿಸಿ ವರದಿಯನ್ನು ಇಟ್ಟುಕೊಂಡಿದ್ದರೆ ಮಾತ್ರ ಈ ನಷ್ಟ ಗೊತ್ತಾಗುತ್ತದೆ. ಬಿತ್ತುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿರೆಂದು ನಾವು ಹೇಳುವಂತೆಯೇ, ಸಿಂಪರಣೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿರೆಂದು ಹೇಳಬೇಕಾಗಿದೆ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 1974ರಿಂದ ಇಂಥ ಔಷಧಿ ಸಿಂಪಡಿಸುವ ಕೆಲಸಗಾರರ ರಕ್ತವನ್ನು ಪರೀಕ್ಷಿಸುವ ನಿಯಮವಿದೆ. ಕಿಣ್ವ ಮೊದಲಿನ ಮಟ್ಟದ ನೂರಕ್ಕೆ 80ಕ್ಕಿಂತ ಕೆಳಗಿಳಿದರೆ ಕೆಲಸದ ರೀತಿಯನ್ನು ತಪಾಸಣೆ ಮಾಡಬೇಕು. ರಕ್ತಕಣದ ಕಿಣ್ವ ನೂರಕ್ಕೆ 70ಕ್ಕೆ ಅಥವಾ ಪ್ಲಾಸ್ಮಾದ ಕಿಣ್ವ ನೂರಕ್ಕೆ 60ಕ್ಕೆ ಇಳಿದರೆ ಅವರನ್ನು ಆ ಕೆಲಸದಿಂದ ಬಿಡಿಸಬೇಕು. ಮೇಲಿನ ಉದಾಹರಣೆಯ ರೈತ ಪ್ಲಾಸ್ಮಾದ ಲೆಕ್ಕದಲ್ಲಿ ಸರಿಯಾಗಿ ಈ ಗೆರೆಯ ಮೇಲಿದ್ದಾನೆ. ದಿನಗೂಲಿಗೆ ಊರೆಲ್ಲ ಸಿಂಪಡಿಸುವವರು ಹಂಗಾಮಿನ ಮೊದಲು ಒಮ್ಮೆ, ನಡುವೆ ಒಮ್ಮೆ, ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ಹೋಲಿಸುವುದು ಒಳ್ಳೆಯದು.

ಈ ಪರೀಕ್ಷೆಗೂ ಮಿತಿಗಳಿವೆ. ಕಾರ್ಬಮೇಟ್ ಗುಂಪಿನ ವಿಷದಲ್ಲಿ ಕಿಣ್ವ ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಳ್ಳುವುದರಿಂದ ವರದಿ ಸಹಜವೆಂದು ಬರಬಹುದು. ಪೈರೆಥ್ರಾಯ್ಡ್ ಗುಂಪಿನ ಔಷಧಿಗಳನ್ನಾಗಲಿ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನಾಗಲಿ ಇದು ತೋರಿಸುವುದಿಲ್ಲ. ಪಿತ್ತಜನಕಾಂಗದ ರೋಗ, ಅಪೌಷ್ಟಿಕತೆ, ಗರ್ಭಾವಸ್ಥೆಯಲ್ಲಿಯೂ ಪ್ಲಾಸ್ಮಾದ ಕಿಣ್ವ ಕಡಿಮೆಯಿರುವುದುಂಟು.

ಸಿಂಪಡಿಸುವಾಗ ಅಥವಾ ನಂತರ ಬಾಯಲ್ಲಿ ನೊರೆ, ವಿಪರೀತ ಬೆವರು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಸ್ನಾಯುಗಳ ಅದುರುವಿಕೆ, ಉಸಿರಾಟದ ತೊಂದರೆ ಕಂಡರೆ ಯಾವ ಪರೀಕ್ಷೆಗೂ ಕಾಯಬಾರದು. ಬಟ್ಟೆ ಬಿಚ್ಚಿ, ಸೋಪು ನೀರಿನಿಂದ ಮೈ ತೊಳೆದು, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಔಷಧಿಯ ಡಬ್ಬಿಯನ್ನು ಅಥವಾ ಅದರ ಚೀಟಿಯನ್ನು ಜೊತೆಗೆ ಕೊಂಡೊಯ್ಯಬೇಕು. ವೈದ್ಯರು ಲಕ್ಷಣ ನೋಡಿಯೇ ಅಟ್ರೋಪಿನ್ ಕೊಡುತ್ತಾರೆ. ರಕ್ತ ಪರೀಕ್ಷೆ ಅನಂತರದ ಮಾತು.

ಮಾದರಿ ಕೆಟ್ಟರೆ ಬೆಳಕೂ ಸುಳ್ಳು ಹೇಳುತ್ತದೆ

ಗೊಬ್ಬರದ ಗುಂಡಿಯ ಬಳಿ, ಮರದ ನೆರಳಿನಲ್ಲಿ, ಬದುವಿನ ಮೇಲೆ ಮಣ್ಣಿನ ಮಾದರಿ ತೆಗೆಯಬಾರದೆಂದು ನಾವು ಹೇಳುತ್ತೇವೆ. ರಕ್ತದ ಮಾದರಿಗೂ ಇಂಥ ನಿಯಮಗಳಿವೆ.

1. ಖಾಲಿ ಹೊಟ್ಟೆಯಲ್ಲಿ ಬರಹೇಳಿದ್ದರೆ ಹಾಗೆಯೇ ಹೋಗಬೇಕು. ಊಟವಾದ ಮೇಲೆ ಸಕ್ಕರೆಯ ಅಂಶ ಏರುತ್ತದೆ. ಅಲ್ಲದೆ ರಕ್ತದ ತಿಳಿಯಲ್ಲಿ ಕೊಬ್ಬಿನ ಕಣಗಳು ತೇಲಿ ಹಾಲಿನಂತೆ ಕದಡಿದರೆ ಬೆಳಕು ಚದುರಿ ಅಂಕಿ ತಪ್ಪುತ್ತದೆ.

2. ರಕ್ತ ತೆಗೆದ ನಳಿಕೆಯನ್ನು ಜೋರಾಗಿ ಕುಲುಕಿದರೆ ಅಥವಾ ಬಿಸಿಲಿನಲ್ಲಿ ಇಟ್ಟರೆ ರಕ್ತಕಣಗಳು ಒಡೆದು ತಿಳಿ ಕೆಂಪಾಗುತ್ತದೆ. ಆ ಕೆಂಪು ಬೇರೆ ಬಣ್ಣಗಳ ಅಳತೆಗೆ ಅಡ್ಡಬರುತ್ತದೆ. ಪೊಟ್ಯಾಸಿಯಂ ಕೂಡ ಸುಳ್ಳಾಗಿ ಏರುತ್ತದೆ. ಬಿಲಿರುಬಿನ್ ಬೆಳಕಿಗೆ ಒಡೆದುಹೋಗುವುದರಿಂದ ಆ ಮಾದರಿಯನ್ನು ಬೆಳಕಿನಿಂದ ಮರೆಯಾಗಿ ಇಡಬೇಕು.

3. ಕಾಮಾಲೆ ತೀವ್ರವಾಗಿದ್ದಾಗ ರಕ್ತದ ತಿಳಿಯೇ ಹಳದಿಯಾಗಿರುತ್ತದೆ. ಆಗ ಯಾಫೆ ವಿಧಾನದಲ್ಲಿ ಕ್ರಿಯಾಟಿನಿನ್ ನಿಜಕ್ಕಿಂತ ಕಡಿಮೆ ಕಾಣಬಹುದು. ಪ್ರಯೋಗಾಲಯದವರು ಇದನ್ನು ಸರಿಪಡಿಸುವ ಕ್ರಮಗಳನ್ನು ಬಲ್ಲರು.

4. ಬೇರೆ ಬೇರೆ ಪರೀಕ್ಷೆಗೆ ಬೇರೆ ಬೇರೆ ಬಣ್ಣದ ಮುಚ್ಚಳದ ನಳಿಕೆಗಳಿವೆ. ಎರಡು ಮೂರು ನಳಿಕೆ ರಕ್ತ ತೆಗೆದರೆ ಗಾಬರಿಪಡಬೇಕಾಗಿಲ್ಲ.

ರಾಮನ್ ಪರಿಣಾಮ ಮತ್ತು ಮಣಿಪಾಲದ ಸಂಶೋಧನೆ

ಇದುವರೆಗೆ ಹೇಳಿದವು ಬೆಳಕನ್ನು ಹೀರುವ ಗುಣವನ್ನು ಆಧರಿಸಿದ ಪರೀಕ್ಷೆಗಳು. ಬೆಳಕು ವಸ್ತುವಿನ ಮೇಲೆ ಬಿದ್ದು ಚದುರುವಾಗ ಅದರ ಅತ್ಯಲ್ಪ ಭಾಗ, ಸುಮಾರು ಒಂದು ಕೋಟಿಯಲ್ಲಿ ಒಂದು ಪಾಲು, ತನ್ನ ಬಣ್ಣವನ್ನೇ ಬದಲಿಸಿಕೊಳ್ಳುತ್ತದೆ. ಎಷ್ಟು ಬದಲಾಯಿತು ಎಂಬುದು ವಸ್ತುವಿನ ಅಣುಗಳ ರಚನೆಯನ್ನು ಹೇಳುತ್ತದೆ. ಇದೇ ರಾಮನ್ ಪರಿಣಾಮ. ಸರ್ ಸಿ. ವಿ. ರಾಮನ್ ಅವರು ಕೆ. ಎಸ್. ಕೃಷ್ಣನ್ ಅವರೊಂದಿಗೆ ಕಲ್ಕತ್ತೆಯಲ್ಲಿ 1928ರ ಫೆಬ್ರುವರಿ 28ರಂದು ಇದನ್ನು ಕಂಡುಹಿಡಿದರು. ಮಾರ್ಚ್ 16ರಂದು ಬೆಂಗಳೂರಿನಲ್ಲಿ ಉಪನ್ಯಾಸ ನೀಡಿ ಇದನ್ನು ವಿವರಿಸಿದರು. 1930ರಲ್ಲಿ ನೊಬೆಲ್ ಬಹುಮಾನ ಪಡೆದ ಅವರು 1933ರಿಂದ ಬೆಂಗಳೂರಿನಲ್ಲಿಯೇ ನೆಲೆಸಿದರು.

ಬ್ರಹ್ಮಾವರದಿಂದ ಸುಮಾರು 15 ಕಿಲೋಮೀಟರ್ ದೂರದ ಮಣಿಪಾಲದಲ್ಲಿ ಈ ಪರಿಣಾಮವನ್ನು ರಕ್ತದ ಅಧ್ಯಯನಕ್ಕೆ ಬಳಸುತ್ತಿದ್ದಾರೆ. ಅಲ್ಲಿನ ಪರಮಾಣು ಮತ್ತು ಅಣು ಭೌತಶಾಸ್ತ್ರ ವಿಭಾಗದ ಸಂಶೋಧಕರು ಲೇಸರ್ ಕಿರಣವನ್ನೇ ಚಿಮಟದಂತೆ ಮಾಡಿ, ಒಂದೇ ಒಂದು ಜೀವಂತ ಕೆಂಪು ರಕ್ತಕಣವನ್ನು ಹಿಡಿದು ನಿಲ್ಲಿಸಿ ಅದರ ರಾಮನ್ ರೋಹಿತವನ್ನು ಪಡೆಯುತ್ತಾರೆ. ಮದ್ಯಸಾರ ತಗುಲಿದಾಗ, ಸುತ್ತಲಿನ ದ್ರವದ ಉಪ್ಪಿನಂಶ ಬದಲಾದಾಗ ರಕ್ತಕಣಕ್ಕೆ ಏನಾಗುತ್ತದೆ ಎಂಬುದನ್ನು ಹೀಗೆ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಇದಕ್ಕೂ ಮೊದಲು, ಭಾಭಾ ಪರಮಾಣು ಸಂಶೋಧನಾ ಕೇಂದ್ರದಿಂದ ಮಣಿಪಾಲಕ್ಕೆ ಬಂದ ಡಾ. ವಿ. ಬಿ. ಕರ್ತಾ ಮತ್ತು ಸಂಗಡಿಗರು ರಕ್ತದ ತಿಳಿಯಲ್ಲಿನ ಸಸಾರಜನಕಗಳನ್ನು ಬೇರ್ಪಡಿಸಿ, ಅವುಗಳ ಮೇಲೆ 257 ನ್ಯಾನೊಮೀಟರಿನ ಲೇಸರ್ ಬಿಟ್ಟು, ಅವು ಸೂಸುವ ಬೆಳಕನ್ನು ದಾಖಲಿಸಿದರು. ಗರ್ಭಕೋಶದ ಕೊರಳು, ಅಂಡಾಶಯ, ಬಾಯಿ ಇವುಗಳ ಕ್ಯಾನ್ಸರ್ ಇರುವವರ ಮತ್ತು ಇಲ್ಲದವರ ದಾಖಲೆಗಳಲ್ಲಿ ವ್ಯತ್ಯಾಸ ಹುಡುಕುವುದು ಇದರ ಉದ್ದೇಶ. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವ ಅಭ್ಯಾಸವಿರುವ ನಮ್ಮ ಜಿಲ್ಲೆಗೆ ಇದು ಪ್ರಸ್ತುತವಾದ ಸಂಶೋಧನೆ.

ಆದರೆ ಇವು ಸಂಶೋಧನೆಯ ಹಂತದ ಕೆಲಸಗಳು. ಕ್ಯಾನ್ಸರನ್ನು ಖಚಿತಪಡಿಸಲು ಇಂದಿಗೂ ಅಂಗಾಂಶದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಂಗೈಗೆ ಬೆಳಕು ಹಾಯಿಸಿ ಎಲ್ಲ ರೋಗಗಳನ್ನೂ ಹೇಳುತ್ತೇವೆಂದು ಸಂತೆ, ಜಾತ್ರೆಗಳಲ್ಲಿ ಹಣ ಕೇಳುವವರನ್ನು ನಂಬಬಾರದು. ಹೊಸ ತಳಿಯೊಂದನ್ನು ಹಲವು ಋತುಗಳಲ್ಲಿ ಪರೀಕ್ಷಿಸಿದ ಮೇಲೆ ಮಾತ್ರ ರೈತರಿಗೆ ಕೊಡುವಂತೆ, ಹೊಸ ಪರೀಕ್ಷೆಯನ್ನೂ ಅನೇಕ ರೋಗಿಗಳಲ್ಲಿ ಒರೆಗೆ ಹಚ್ಚಿದ ಮೇಲೆಯೇ ಆಸ್ಪತ್ರೆಗೆ ತರಬೇಕಾಗುತ್ತದೆ.

ನೆನಪಿಡಬೇಕಾದ ಅಂಶಗಳು

1. ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡಿದವರಿಗೆ ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಜ್ವರ ಆರಂಭವಾದ ದಿನ ಮತ್ತು ಕೆಸರಿನ ಕೆಲಸವನ್ನು ತಿಳಿಸಬೇಕು.

2. ಮೊದಲ ದಿನಗಳ ಎಲೈಸಾದಲ್ಲಿ ರೋಗ ಕಾಣಲಿಲ್ಲವೆಂದು ಸುಮ್ಮನಾಗಬಾರದು. ವೈದ್ಯರು ಹೇಳಿದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು.

3. ಪದೇ ಪದೇ ಕೀಟನಾಶಕ ಸಿಂಪಡಿಸುವವರು ಹಂಗಾಮಿಗೆ ಮೊದಲೇ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಿ ಆ ವರದಿಯನ್ನು ಜೋಪಾನವಾಗಿ ಇಡಬೇಕು.

4. ಮನೆಯ ಹೆಂಗಸರ ಹಿಮೋಗ್ಲೋಬಿನನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು.

5. ಹಳೆಯ ವರದಿಗಳನ್ನು ಎಸೆಯಬಾರದು. ಮಣ್ಣು ಪರೀಕ್ಷೆಯ ಚೀಟಿಯೊಂದಿಗೆ ರಕ್ತ ಪರೀಕ್ಷೆಯ ಚೀಟಿಯನ್ನೂ ಒಂದೇ ಕಡತದಲ್ಲಿ ದಿನಾಂಕದ ಕ್ರಮದಲ್ಲಿ ಇಟ್ಟರೆ ವೈದ್ಯರಿಗೆ ಬಹಳ ಅನುಕೂಲ.

ಹೊಲದ ಮಣ್ಣನ್ನು ಪರೀಕ್ಷಿಸದೆ ಗೊಬ್ಬರ ಹಾಕುವುದು ನಷ್ಟವೆಂಬುದನ್ನು ನಮ್ಮ ರೈತರು ಈಗ ಒಪ್ಪಿದ್ದಾರೆ. ಆ ಮಣ್ಣಿನಲ್ಲಿ ದುಡಿಯುವ ದೇಹದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮುಂಚಿನ ಸಭೆಗಳಲ್ಲಿ ಬೀಜ, ಗೊಬ್ಬರಗಳ ಜೊತೆಗೆ ಈ ನಾಲ್ಕು ಮಾತುಗಳನ್ನೂ ತಿಳಿಸಿದರೆ, ಮಳೆಗಾಲ ಮುಗಿಯುವ ಹೊತ್ತಿಗೆ ಕೆಲವು ಮನೆಗಳಲ್ಲಾದರೂ ಅನಾಹುತ ತಪ್ಪುವುದರಲ್ಲಿ ಸಂದೇಹವಿಲ್ಲ.